ಕಾಯಕವೂ ಪಣವೂ

ಮಂಗಳೂರಿನ ಬಂದರ್ ಪ್ರದೇಶವನ್ನು ಬಲ್ಲವರಿಗೆ ಅಲ್ಲಿಯ ಬೆಳಗಿನ ಸದ್ದು ಪರಿಚಿತವಾದುದು. ಗುರುಪುರ ಹೊಳೆಯು ನೇತ್ರಾವತಿಯನ್ನು ಕೂಡಿ ಕಡಲು ಸೇರುವ ಅಳಿವೆಯ ಒಳಮೈಯಲ್ಲಿ, ಬೆಂಗ್ರೆಗೆ ಎದುರಾಗಿ, ಈ ಹಳೆಯ ಬಂದರು ಇದೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಆದರೂ ದಕ್ಕೆಯಲ್ಲಿ ಮೀನಿನ ಏಲಂ ನಿಂತಿಲ್ಲ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವುದು ನಿಂತಿಲ್ಲ. ಓಣಿಗಳಲ್ಲಿ ದಿನಸಿಯ ಸಗಟು ವ್ಯಾಪಾರವೂ ನಿಂತಿಲ್ಲ. ವರ್ತಕನು ಚೀಲದ ಬಾಯಿಂದ ಒಂದು ಹಿಡಿ ಮಾಲು ತೆಗೆದು ಅಂಗೈಯಲ್ಲಿ ಹರಡಿ ತೋರಿಸುತ್ತಾನೆ. ಕೊಳ್ಳುವವನು ಆ ಒಂದು ಹಿಡಿಯನ್ನು ನಂಬಿ ನೂರು ಚೀಲಕ್ಕೆ ಮಾತು ಕೊಡುತ್ತಾನೆ. ಬಾಯಲ್ಲಿ ಒಳ್ಳೆಯ ಮಾಲನ್ನಿರಿಸಿ ತಳದಲ್ಲಿ ಹುಳ ಹಿಡಿದುದನ್ನು ತುಂಬಿದವನು ಒಂದು ವರ್ಷ ಲಾಭ ಕಂಡಾನು. ಎರಡನೆಯ ವರ್ಷ ಅವನ ಅಂಗಡಿಯ ಮುಂದೆ ಲಾರಿ ನಿಲ್ಲುವುದಿಲ್ಲ.

ಈಗ ಬಂದರಿನಲ್ಲಾಗಲಿ ನಾಡಿನ ಬೇರಾವ ಪೇಟೆಯಲ್ಲಾಗಲಿ, ತಕ್ಕಡಿಯೂ ಚೀಲವೂ ಇಲ್ಲದ ಇನ್ನೊಂದು ವ್ಯಾಪಾರವು ಕೈಯೊಳಗಿನ ಫೋನಿನಲ್ಲಿಯೇ ನಡೆಯುವಂತಾಗಿದೆ. ಮುಂದಿನ ಚೆಂಡಿಗೆ ಎಷ್ಟು ಓಟ, ಮುಂದಿನ ಅಂಕ ಯಾರಿಗೆ ಎಂದು ಪಣವೊಡ್ಡುವ ವ್ಯಾಪಾರವಿದು. ಕ್ರಿಕೆಟ್ ಇದಕ್ಕೆ ಹಳೆಯ ಸರಕು. ಟೆನಿಸ್ ಸೇರಿತು. ಗಣಕಯಂತ್ರದ ಮುಂದೆ ಕುಳಿತು ಸಾವಿರಾರು ನೋಟಕರ ಎದುರಿಗೆ ಆಡುವ, ಇ-ಸ್ಪೋರ್ಟ್ಸ್ ಎಂದು ಕರೆಯಲ್ಪಡುವ ಹೊಸ ಆಟಗಳೂ ಸೇರಿದವು. ಪಣವಿದ್ದ ಕಡೆಗೆ ಅದರ ಫಲವನ್ನು ಮೊದಲೇ ಕೊಂಡುಕೊಳ್ಳುವ ಆಸೆಯೂ ಬಂದೇ ಬರುವುದು. ಆಟಗಾರನಿಗೆ ಗುಟ್ಟಿನಲ್ಲಿ ಹಣ ಕೊಟ್ಟು, ಸೋಲನ್ನೋ ನಿಧಾನವನ್ನೋ ಒಂದು ತಪ್ಪು ಹೊಡೆತವನ್ನೋ ಮುಂಗಡವಾಗಿ ಕೊಳ್ಳುವ ಕೃತ್ಯ ಅದು. ಚೀಲದ ಬಾಯಲ್ಲಿ ಆಟ, ತಳದಲ್ಲಿ ವ್ಯವಹಾರ.

ಇದು ದೂರದ ದೇಶಗಳ ಮಾತೆಂದು ಗೃಹಸ್ಥರು ಸಮಾಧಾನ ಪಡುವಂತಿಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಾವಳಿಯಲ್ಲಿ ಬೆಳಗಾವಿ, ಬಳ್ಳಾರಿ, ಹುಬ್ಬಳ್ಳಿಗಳ ಹೆಸರಿನ ತಂಡಗಳಂತೆ ಮಂಗಳೂರಿನ ಹೆಸರು ಹೊತ್ತ ತಂಡವೂ ಆಡಿದ್ದಿತು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಹುಬ್ಬಳ್ಳಿ ಮತ್ತು ಬಳ್ಳಾರಿ ತಂಡಗಳ ನಡುವೆ ಅಂತಿಮ ಪಂದ್ಯ ನಡೆದು, ಹುಬ್ಬಳ್ಳಿಯು ಎಂಟು ಓಟಗಳಿಂದ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದರು. ಆ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟು ಮಾಡಲು 20 ಲಕ್ಷ ರೂಪಾಯಿಗಳ ಒಪ್ಪಂದವಾಗಿತ್ತೆಂಬುದು ಆರೋಪ. ಬೇರೊಂದು ತಂಡದ ಮಾಲೀಕನೊಬ್ಬನ ಬಂಧನವೂ ಆಗಿದ್ದಿತು. ಆ ಆಟಗಾರರ ಹೆಸರನ್ನು ಇಲ್ಲಿ ಹಿಡಿಯಬೇಕಾದ ಅಗತ್ಯವಿಲ್ಲ. ಸಾಬೀತಾಗದ ಆರೋಪವನ್ನು ಹೆಸರು ಹಿಡಿದು ಸಾರುವುದು ಶರಣರ ನಡೆಯಲ್ಲ.

ಆ ಮೊಕದ್ದಮೆಗೆ ಮುಂದೆ ಆದುದೇನು ಎಂಬಲ್ಲಿಯೇ ವಿಚಾರಕ್ಕೆ ಅರ್ಹವಾದ ಸಂಗತಿಯಿದೆ. 2022ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ಪ್ರಕಾರ, ಒಬ್ಬನನ್ನು ವಂಚಿಸಿ ಅವನ ಸೊತ್ತನ್ನು ಅವನಿಂದಲೇ ಕೊಡಿಸಿಕೊಂಡರೆ ಮಾತ್ರ ಅದು ಮೋಸವೆನಿಸುವುದು. ಪಂದ್ಯ ನೋಡಲು ಬಂದವರು ತಾವಾಗಿಯೇ ಟಿಕೇಟು ಕೊಂಡವರು. ಆದಕಾರಣ ಪಂದ್ಯವನ್ನು ಮೊದಲೇ ನಿಶ್ಚಯಿಸುವುದು ಆ ಕಲಮಿನ ಮೋಸಕ್ಕೆ ಒಳಪಡದು ಎಂದು ನ್ಯಾಯಾಲಯ ಹೇಳಿತು. ಹಾಗೆಂದು ಆ ಕೃತ್ಯವನ್ನು ಅದು ಒಳ್ಳೆಯದೆಂದು ಹೇಳಲಿಲ್ಲ. ಅದು ಅಪ್ರಾಮಾಣಿಕತೆ, ಅಶಿಸ್ತು, ಮನಸ್ಸಿನ ಭ್ರಷ್ಟತೆಯ ಗುರುತು. ಶಿಸ್ತಿನ ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂಬ ಭಾವದ ಮಾತನ್ನೂ ಹೇಳಿತು.

ನ್ಯಾಯಾಧೀಶರಿಗೆ ಕಲಮಿನ ಅಳತೆಯೇ ಅಳತೆ. ಅದನ್ನು ಮೀರಿ ಶಿಕ್ಷಿಸುವುದು ಅವರ ಕೆಲಸವಲ್ಲ. ಆದರೆ ಈ ತೀರ್ಪನ್ನು ಕೇಳಿ, ‘ಹಾಗಾದರೆ ಇದರಲ್ಲಿ ಕಳುವಾದುದೇನು?’ ಎಂದು ಕೇಳುವ ಗೃಹಸ್ಥನಿಗೆ ಉತ್ತರ ಹೇಳಬೇಕಾದುದು ಧರ್ಮದ ಹೊಣೆ. ಟಿಕೇಟಿನ ಹಣ ಕಳುವಾಗಿಲ್ಲ, ನಿಜ. ನೋಟಕನ ಜೇಬಿಗೆ ಯಾರೂ ಕೈಹಾಕಿಲ್ಲ. ಕಳುವಾದುದು ಆಟವೇ. ಮೈದಾನದಲ್ಲಿ ಓಡಿದವನು ಓಡಿದಂತೆ ತೋರಿದನು, ಓಡಲಿಲ್ಲ. ಹೊಡೆದವನು ಹೊಡೆದಂತೆ ತೋರಿದನು, ಹೊಡೆಯಲಿಲ್ಲ. ಮಾಡುವ ಕೈಯೊಂದು, ಕೂಲಿ ಕೊಡುವ ಒಡೆಯ ಬೇರೊಬ್ಬ. ಶರಣರು ಕಾಯಕವೆಂದು ಕರೆದುದು ಬರಿಯ ದುಡಿಮೆಯನ್ನಲ್ಲ. ಮನಸ್ಸು ಮತ್ತು ಕೈ ಒಂದಾಗಿ ಮಾಡಿದ ದುಡಿಮೆಯನ್ನು. ಆಟವನ್ನೇ ಜೀವನೋಪಾಯ ಮಾಡಿಕೊಂಡವನಿಗೆ ಆಟವೇ ಕಾಯಕ. ಬಡಗಿಗೆ ಉಳಿ, ಅಂಬಿಗನಿಗೆ ಹುಟ್ಟು ಇದ್ದಂತೆ ಅವನಿಗೆ ಬ್ಯಾಟು. ಅಂಬಿಗನು ಆಚೆ ದಡದವನಿಂದ ಹಣ ಪಡೆದು ನಡುಹೊಳೆಯಲ್ಲಿ ಹುಟ್ಟನ್ನು ಸಡಿಲ ಬಿಟ್ಟರೆ ಅದಕ್ಕೆ ಏನೆನ್ನಬೇಕು?

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯದಿರಲು ಸಾಧ್ಯವಿಲ್ಲ. ಭಕ್ತರಿಗೆ ಇದು ತಿಳಿಯದ ಕಥೆಯಲ್ಲ. ಆದರೂ ಅದರಲ್ಲಿ ಒಂದು ಸೂಕ್ಷ್ಮವಿದೆ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ದಾಸೋಹ ನಡೆಸುವುದು ಇಬ್ಬರ ವ್ರತ. ಒಂದು ದಿನ ಅಕ್ಕಿ ಹೆಚ್ಚು ಚೆಲ್ಲಿದ್ದಿತು, ಮಾರಯ್ಯನು ಹೆಚ್ಚು ತಂದನು. ಗಮನಿಸಬೇಕಾದುದು ಇಲ್ಲಿದೆ: ಅವನು ಯಾರ ಮನೆಗೂ ನುಗ್ಗಲಿಲ್ಲ, ಯಾರಿಗೂ ಸುಳ್ಳು ಹೇಳಲಿಲ್ಲ. ನೆಲದ ಮೇಲಿದ್ದ ಅಕ್ಕಿ, ಆಯ್ದುಕೊಳ್ಳಲು ಎಲ್ಲರಿಗೂ ಬಿಟ್ಟುದು. ಯಾವ ರಾಜ್ಯದ ಯಾವ ಕಲಮೂ ಅವನನ್ನು ಹಿಡಿಯಲಾರದು. ಆದರೆ ಲಕ್ಕಮ್ಮನು ಮೊರದಲ್ಲಿನ ಅಕ್ಕಿಯನ್ನು ನೋಡಿದ ಕೂಡಲೇ, ಇದು ದಿನದ ಅಳತೆಯಲ್ಲವೆಂದು ಕಂಡುಕೊಂಡಳು. ಎಂದಿನಷ್ಟನ್ನು ಉಳಿಸಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ದಾಸೋಹಕ್ಕೆ ತಾನೆ, ನಮಗೇನು ಎಂಬ ನೆವವನ್ನೂ ಆಕೆ ಒಪ್ಪಲಿಲ್ಲ. ದುಡಿಮೆಗೆ ಮೀರಿದುದು ಮನೆಯ ಹೊಸ್ತಿಲು ದಾಟುವ ಗಳಿಗೆಯಲ್ಲಿಯೇ ಆಕೆಗೆ ಅದು ಕಂಡಿತು. ಪೊಲೀಸರು ಕಾಣುವುದು ತಿಂಗಳುಗಳಾದ ಮೇಲೆ.

ಇನ್ನು, ಒಬ್ಬನೇ ಆಡುವ ಆಟಗಳಲ್ಲಿ ಈ ರೋಗ ಹೆಚ್ಚೇಕೆ? ಹನ್ನೊಂದು ಮಂದಿಯ ತಂಡವನ್ನು ಕೊಳ್ಳಬೇಕಾದರೆ ಹಲವರ ಬಾಯಿ ಮುಚ್ಚಿಸಬೇಕು. ಟೆನಿಸ್ಸಿನಲ್ಲಿ ಒಬ್ಬನನ್ನು ಕೊಂಡರೆ ಸಾಕು. ಪಂದ್ಯವನ್ನೇ ಸೋಲಬೇಕೆಂದೂ ಇಲ್ಲ. ‘ಪಂದ್ಯ ನೀನೇ ಗೆಲ್ಲು, ಈ ಒಂದು ಗೇಮನ್ನು ಮಾತ್ರ ಬಿಟ್ಟುಕೊಡು’ ಎಂದರೆ, ದುರ್ಬಲ ಮನಸ್ಸಿಗೆ ಅದು ಪಾಪವೆಂದೇ ತೋರದು. ಟೆನಿಸ್ಸಿನ ಪ್ರಾಮಾಣಿಕತೆಯನ್ನು ಪರಿಶೀಲಿಸಿದ ಸ್ವತಂತ್ರ ಸಮಿತಿಯು 2018ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕವಿದೆ. ವೃತ್ತಿ ಆಟಗಾರರೆನಿಸಿಕೊಂಡವರು ಸುಮಾರು 15,000. ಖರ್ಚು ಕಳೆದು ಕೈಯಿಂದ ಕಳೆದುಕೊಳ್ಳದೆ ಉಳಿಯುವವರು 250ರಿಂದ 350 ಮಂದಿ ಮಾತ್ರ. ಇತ್ತ, ಯಾವ ಮೂಲೆಯ ಸಣ್ಣ ಪಂದ್ಯವಾದರೂ ಅದರ ಅಂಕಗಳು ಕ್ಷಣಕ್ಷಣಕ್ಕೂ ಪಣದ ಅಂಗಡಿಗಳಿಗೆ ಮಾರಾಟವಾಗುವ ಏರ್ಪಾಡು ಆ ಮೊದಲೇ ಆಗಿಹೋಗಿತ್ತು. ಹೊಟ್ಟೆಗಿಲ್ಲದವನ ಮನೆಯ ಮುಂದೆ ಸಂತೆ ನೆರೆದಂತಾಯಿತು. 2011ರಲ್ಲಿ ಆಸ್ಟ್ರಿಯಾದ ಡೇನಿಯಲ್ ಕೋಲೆರರ್ ಎಂಬವನಿಗೆ ಪಂದ್ಯ ನಿಶ್ಚಯಿಸುವ ಯತ್ನಕ್ಕಾಗಿ ಆಜೀವ ನಿಷೇಧವಾಯಿತು. ಅವನ ತರುವಾಯ ನಿಷೇಧಕ್ಕೊಳಗಾದವರ ಪಟ್ಟಿ ಬೆಳೆಯುತ್ತಲೇ ಬಂದಿದೆ. ಅದರಲ್ಲಿ ಬಹುಮಂದಿ ಲೋಕವು ಹೆಸರನ್ನೇ ಕೇಳದ ಕೆಳಮೆಟ್ಟಿಲಿನವರು.

ಬಡತನವೊಂದೇ ಕಾರಣವೆನ್ನೋಣವೆಂದರೆ, ದಕ್ಷಿಣ ಕೊರಿಯಾದ ಲೀ ಸುಂಗ್-ಹ್ಯುನ್ ಎಂಬ ತರುಣನ ಕಥೆ ಅಡ್ಡ ಬರುತ್ತದೆ. ಸ್ಟಾರ್‌ಕ್ರಾಫ್ಟ್ ಎಂಬ ಗಣಕದ ಆಟದಲ್ಲಿ ಆತನು ಬಾಲಪ್ರತಿಭೆ. 2014ರಲ್ಲಿ ಜಗತ್ತಿನ ಅಗ್ರ ಪಂದ್ಯಾವಳಿಯನ್ನು ಗೆದ್ದವನು. ಬಹುಮಾನದ ಹಣವೇ ಲಕ್ಷಾಂತರ ಡಾಲರು. ಆದರೂ 2015ರಲ್ಲಿ ಎರಡು ಪಂದ್ಯಗಳನ್ನು ಬೇಕೆಂದೇ ಸೋತು 7 ಕೋಟಿ ವೊನ್ ಪಡೆದನು. 2016ರ ಜನವರಿಯಲ್ಲಿ ಬಂಧನವಾಯಿತು. ಹದಿನೆಂಟು ತಿಂಗಳ ಸೆರೆಯನ್ನು ಅಮಾನತಿನಲ್ಲಿಟ್ಟು, ಪಡೆದಷ್ಟೇ ದಂಡವನ್ನು ನ್ಯಾಯಾಲಯ ವಿಧಿಸಿತು. ಆಟದ ಸಂಸ್ಥೆಯು ಆಜೀವ ನಿಷೇಧ ಹಾಕಿತು. ಇಪ್ಪತ್ತು ತುಂಬುವ ಮೊದಲೇ ಆತನ ಕಾಯಕ ಮುಗಿದುಹೋಯಿತು.

ಆಮಿಷವು ಯಾವ ವೇಷದಲ್ಲಿ ಬರುವುದೆಂಬುದನ್ನು ತಿಳಿಯಲು ಬೆಂಗಳೂರಿನಲ್ಲಿಯೇ ನಡೆದ ಒಂದು ಪ್ರಸಂಗವಿದೆ. 2000ದ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಟೆಸ್ಟ್ ಪಂದ್ಯಕ್ಕಾಗಿ ಅಲ್ಲಿಗೆ ಬಂದಿದ್ದನು. ದೈವಭಕ್ತನೆಂದು ಹೆಸರಾದವನು, ಅವನ ದೇಶದ ತಾಯಂದಿರು ಮಕ್ಕಳಿಗೆ ತೋರಿಸುತ್ತಿದ್ದ ಮೇಲ್ಪಂಕ್ತಿ. ಆತನು ತನ್ನ ತಂಡದ ಮೂವರ ಬಳಿಗೆ ಹೋಗಿ, ಹಣಕ್ಕಾಗಿ ಆಟ ಬಿಟ್ಟುಕೊಡುವಿರಾ ಎಂದು ತಮಾಷೆಯೋ ಎಂಬಂತೆ ಕೇಳಿದನು. ಅವರು ನಕ್ಕು ಬೇಡವೆಂದರು. ಮುಂದೆ ನಾಗಪುರದಲ್ಲಿ ಇನ್ನಿಬ್ಬರನ್ನು ಕೇಳಿದನು, ಅವರು ಒಪ್ಪಿದರು. ಅವರಲ್ಲಿ ಒಬ್ಬನಾದ ಹರ್ಷಲ್ ಗಿಬ್ಸ್ 20 ಓಟಗಳ ಒಳಗೆ ಔಟಾಗಬೇಕೆಂಬುದು ಮಾತು. ಆದರೆ ಆಡಲು ನಿಂತಾಗ ಅವನು 74 ಓಟ ಹೊಡೆದನು. ಇನ್ನೊಬ್ಬನು ಗಾಯಗೊಂಡು ಎರಡನೆಯ ಓವರಿನಲ್ಲಿಯೇ ಹೊರಬಿದ್ದನು. ಅಂದಮೇಲೆ ಮಾತುಕೊಟ್ಟಂತೆ ಯಾರೂ ಮಾಡಲಿಲ್ಲ, ಪಂದ್ಯ ಕೆಡಲಿಲ್ಲ. ಆದರೂ ಇಬ್ಬರಿಗೂ ನಿಷೇಧವಾಯಿತು. ಕ್ರಿಯೆ ಶುದ್ಧವಾಗಿ ಉಳಿದರೂ, ಒಪ್ಪಿದ ಮನಸ್ಸನ್ನು ಆಟದ ಮಂಡಳಿಯೂ ಲೆಕ್ಕಕ್ಕೆ ಹಿಡಿಯಿತು. ಅಂತರಂಗವೇ ಮೊದಲೆಂಬ ಶರಣರ ಮಾತಿಗೆ ಸಾಕ್ಷಿಯು ಎಲ್ಲಿಂದಲೋ ಬಂದಿತೆನ್ನಬೇಕು. ಕ್ರೋನಿಯೆಗೆ ಆಜೀವ ನಿಷೇಧವಾಯಿತು. 2002ರಲ್ಲಿ ವಿಮಾನಾಪಘಾತದಲ್ಲಿ ಆತನು ಗತಿಸಿದನು. ಬೆಂಗಳೂರಿನ ಆ ಮೂವರಲ್ಲಿ ಒಬ್ಬನಾದರೂ ನಗದೆ ನೇರವಾಗಿ ಗದರಿಸಿದ್ದರೆ ನಾಗಪುರದ ಇಬ್ಬರು ಉಳಿಯುತ್ತಿದ್ದರೋ ಏನೋ.

ಇಷ್ಟು ಹೊತ್ತು ಆಟಗಾರನ ತಪ್ಪನ್ನೇ ಹೇಳಿದುದಾಯಿತು. ಆದರೆ ಆಟಗಾರನಿಗೆ ಕೊಟ್ಟ 20 ಲಕ್ಷವಾಗಲಿ 7 ಕೋಟಿ ವೊನ್ ಆಗಲಿ ಎಲ್ಲಿಂದ ಬಂದಿತು? ಯಾವ ದಲ್ಲಾಳಿಯೂ ತನ್ನ ಮನೆಯ ಗಂಟನ್ನು ಬಿಚ್ಚಿ ಕೊಡುವುದಿಲ್ಲ. ಮಂಡಿಯ ಗುಮಾಸ್ತನೊಬ್ಬನು ಸಂಜೆ ಕಡ ತಂದ ನೂರು ರೂಪಾಯಿ ಕಟ್ಟುತ್ತಾನೆಂದು ಇಟ್ಟುಕೊಳ್ಳೋಣ. ದಕ್ಕೆಯ ಹುಡುಗನು ಐವತ್ತು ಕಟ್ಟುತ್ತಾನೆ. ಕಾಲೇಜಿಗೆ ಹೋಗುವ ಮಗನು ಪುಸ್ತಕದ ಹಣದಲ್ಲಿ ಹತ್ತು ಕಟ್ಟುತ್ತಾನೆ. ನಾನು ಯಾರಿಗೆ ಕೇಡು ಮಾಡಿದೆ, ನನ್ನ ಹಣ ನಾನು ಕಳೆದುಕೊಂಡೆ ಎಂಬುದು ಎಲ್ಲರ ಬಾಯಲ್ಲಿಯೂ ಇರುವ ಸಮಾಧಾನ. ಆ ಹತ್ತು, ಐವತ್ತು, ನೂರುಗಳೇ ಹರಿದು ಒಂದು ಕಡೆ ಕೂಡಿ ಆಟಗಾರನ ಮುಂದೆ ಚೀಲವಾಗಿ ನಿಲ್ಲುವುವು. ಆಟವನ್ನು ಮಾರಿದವನು ಒಬ್ಬನಾದರೆ ಕೊಂಡವರು ಸಾವಿರ ಮಂದಿ. ತಾವು ಏನನ್ನು ಕೊಂಡೆವೆಂದು ಅವರಿಗೆ ಗೊತ್ತಿಲ್ಲ, ಅಷ್ಟೇ. ಮೋಸಹೋದವರೂ ಅವರೇ, ಮೋಸಕ್ಕೆ ಬಂಡವಾಳ ಕೊಟ್ಟವರೂ ಅವರೇ.

ಕರಾವಳಿಯಲ್ಲಿ ಪಣವೆಂಬುದು ಹಳೆಯ ರೂಢಿಯೆಂದು ಹೇಳುವವರಿದ್ದಾರೆ. ಕೋಳಿ ಅಂಕದಲ್ಲಿ ಜೂಜು ಕಟ್ಟುವುದು ಕಾನೂನಿಗೆ ವಿರುದ್ಧವಾದರೂ ಪೂರ್ತಿ ನಿಂತಿಲ್ಲವೆಂಬುದು ಅಲ್ಲಿಯವರಿಗೆ ತಿಳಿದುದೇ. ರೂಢಿ ಹಳೆಯದಾದ ಮಾತ್ರಕ್ಕೆ ಒಳ್ಳೆಯದಾಗದು, ಅದು ಬೇರೆ ಮಾತು. ಆದರೂ ಅಲ್ಲಿ ಕೋಳಿಗೆ ಲಂಚ ಕೊಡಲು ಬರುವುದಿಲ್ಲ. ಕಪಟವೇನಾದರೂ ಇದ್ದರೆ ಅದರ ಕಾಲಿಗೆ ಕತ್ತಿ ಕಟ್ಟುವ ಮನುಷ್ಯನ ಕೈಯಲ್ಲಿ. ಮನುಷ್ಯನೇ ಕೋಳಿಯಾದ ಆಟಗಳಲ್ಲಿ ಆ ಭರವಸೆಯೂ ಇಲ್ಲವಾಯಿತು.

ಸರ್ಕಾರವು ಸುಮ್ಮನೆ ಕುಳಿತಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ ರಾಷ್ಟ್ರಪತಿಯವರ ಅಂಕಿತ ಪಡೆದ ಕಾಯಿದೆಯು, ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸಿ, ಹಣವೊಡ್ಡದೆ ಆಡುವ ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಮಾನ್ಯ ಮಾಡಿದೆ. ಆಟವನ್ನೂ ಪಣವನ್ನೂ ಬೇರೆಬೇರೆಯಾಗಿ ಕಂಡುದು ಒಳ್ಳೆಯ ವಿವೇಕ. ಫೋನು ಹಿಡಿದ ಮಗನನ್ನೆಲ್ಲ ಜೂಜುಗಾರನೆಂದು ಬಗೆಯುವ ಹಿರಿಯರು ಇದನ್ನು ಗಮನಿಸಬೇಕು; ಚದುರಂಗವಾಡುವವನಂತೆ ಬುದ್ಧಿಯಿಟ್ಟು ಆಡುವವನೂ ಅಲ್ಲಿದ್ದಾನೆ. ಆದರೆ ಕಾಯಿದೆಯು ಅಂಗಡಿಯನ್ನು ಮುಚ್ಚಿಸೀತು. ಪರದೇಶದಲ್ಲಿ ಕುಳಿತವನ ಅಂಗಡಿ ಮತ್ತೊಂದು ಹೆಸರಿನಲ್ಲಿ ಮರುದಿನವೇ ತೆರೆದೀತು. ಲಕ್ಕಮ್ಮನಂತೆ ಮೊರವನ್ನು ನೋಡಿ ಅಳತೆ ಹೇಳುವ ಕಣ್ಣು ಮನೆಯಲ್ಲಿಯೇ ಇರಬೇಕಾದುದು. ಎಂದೂ ಇಲ್ಲದ ಹಣ ಮಗನ ಕೈಯಲ್ಲಿ ಕಂಡಾಗ, ಗೆದ್ದು ತಂದನೆಂದು ತಾಯಿ ಹಿಗ್ಗಿದರೆ, ಸೋತ ದಿನ ಅವನು ಆಕೆಯ ಬಳೆಯನ್ನು ಅಡವಿಡಲು ಹೊರಟಾಗ ಅವಳಿಗೆ ಹೇಳಲು ಮಾತೇ ಉಳಿದಿರುವುದಿಲ್ಲ.

ತಂದೆಯ ಪಾಡು ಇನ್ನೂ ಕಠಿಣ. ಫೋನನ್ನು ಕಸಿದುಕೊಂಡು ಆತನು ಸತ್ಯದ ಮಾತು ಹೇಳಲು ಬಾಯಿ ತೆರೆಯಬಹುದು. ಆದರೆ ಅವನ ಮಗನು ಶಾಲೆಯ ರಜೆಯಲ್ಲಿ ಮಂಡಿಗೆ ಬಂದು ಕುಳಿತಿದ್ದವನು. ಚೀಲದ ಬಾಯಿಗೆ ಯಾವ ಮಾಲು, ತಳಕ್ಕೆ ಯಾವ ಮಾಲು ಹೋಯಿತೆಂಬುದನ್ನು ಕಂಡಿದ್ದವನು.