ಗೂನುದೊರೆಯ ಖಟ್ಲೆ

ಇಂಗ್ಲೆಂಡಿನ ಮೂರನೆಯ ರಿಚರ್ಡ್ ಆಳಿದ್ದು ಎರಡು ವರ್ಷ, ಚಿಲ್ಲರೆ ದಿನ. ಅವನ ಮೇಲಿನ ಖಟ್ಲೆ ಐನೂರು ವರ್ಷ ದಾಟಿದೆ.

*

ದೊರೆ ಬದುಕಿದ್ದಾಗ ಜಾನ್ ರೌಸ್ ಎಂಬ ಪಾದ್ರಿ ಅವನನ್ನು ಒಳ್ಳೆಯ ಅರಸನೆಂದು ಕೊಂಡಾಡಿದ. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ದೊರೆ ಸತ್ತು ಏಳನೆಯ ಹೆನ್ರಿ ಪಟ್ಟಕ್ಕೇರಿದ ಮೇಲೆ ಅದೇ ಪಾದ್ರಿ, ರಿಚರ್ಡ್ ತಾಯಿಯ ಹೊಟ್ಟೆಯಲ್ಲಿ ಎರಡು ವರ್ಷವಿದ್ದು ಹಲ್ಲು ಕೂದಲುಗಳ ಸಮೇತ ಹುಟ್ಟಿದ ಎಂದು ಬರೆದ. ಗೆದ್ದೆತ್ತಿನ ಬಾಲ ಹಿಡಿಯುವವರು ಯಾವ ಕಾಲದಲ್ಲಿ ಇರಲಿಲ್ಲ? ಪಾಪ, ರೌಸನ ಎರಡೂ ಬರಹ ಉಳಿದುಬಿಟ್ಟವು.

*

ಬಾಸ್ವರ್ತ್ ನಡೆದಾಗ ಥಾಮಸ್ ಮೋರ್ ಏಳೆಂಟು ವರ್ಷದ ಹುಡುಗ. ಮುಂದೆ ಅವನು ಕೆಲಕಾಲ ಬೆಳೆದದ್ದು ರಿಚರ್ಡನ ಹಗೆ ಮಾರ್ಟನ್ ಮನೆಯಲ್ಲಿ. ಮೋರ್ ಅರ್ಧಕ್ಕೆ ಬಿಟ್ಟ ರಿಚರ್ಡನ ಚರಿತ್ರೆಯನ್ನು ಶೇಕ್ಸ್‌ಪಿಯರ್ ರಂಗದ ಮೇಲೆ ಮುಗಿಸಿದ. ನಾಟಕದ ಎದುರು ಅಡಿಟಿಪ್ಪಣಿ ಗೆದ್ದದ್ದನ್ನು ನಾನಂತೂ ಕಂಡಿಲ್ಲ.

*

1891ರಲ್ಲಿ ಒಂದೇ ವಿದ್ವತ್ ಪತ್ರಿಕೆಯಲ್ಲಿ ಇಬ್ಬರು ಎದುರುಬದುರಾದರು. ಜೇಮ್ಸ್ ಗೈರ್ಡ್ನರ್ ಸರ್ಕಾರಿ ದಾಖಲೆಗಳ ನಡುವೆಯೇ ಆಯುಸ್ಸು ಸವೆಸಿದವನು. ಕ್ಲೆಮೆಂಟ್ಸ್ ಮಾರ್ಕಮ್ ಭೂಗೋಳದವನು. ಪೆರುವಿನ ಬೆಟ್ಟಗಳಿಂದ ನಮ್ಮ ನೀಲಗಿರಿಗೆ ಸಿಂಕೋನಾ ಗಿಡ ತರಿಸಿದ ಅದೇ ಆಸಾಮಿ. ಲಂಡನ್ ಟವರಿನಲ್ಲಿದ್ದ ಅಣ್ಣನ ಮಕ್ಕಳಿಬ್ಬರನ್ನು ಕೊಲ್ಲಿಸಿದವನು ರಿಚರ್ಡ್ ಎಂದ ಗೈರ್ಡ್ನರ್. ಅಲ್ಲ, ಹೆನ್ರಿ ಎಂದ ಮಾರ್ಕಮ್.

*

ರಿಚರ್ಡನ ಮೇಲೆ ಹೊರಿಸಲು ಸಾಲದೆಂದು ಮಾರ್ಕಮ್ ತಳ್ಳಿದ ಸಾಕ್ಷ್ಯಕ್ಕಿಂತ ತೆಳುವಾದದ್ದು ಹೆನ್ರಿಯ ಮೇಲೆ ಹೊರಿಸಲು ಅವನಿಗೆ ಸಾಕಾಯಿತು. ಕಕ್ಷಿದಾರನನ್ನು ಬಿಡಿಸಿದರೆ ವಕೀಲನ ಕೆಲಸ ಮುಗಿಯಿತು. ಇನ್ನೊಬ್ಬನನ್ನು ಕಟಕಟೆಗೆ ಹತ್ತಿಸದೆ ನಿದ್ದೆ ಬಾರದಿರುವುದು ಅಭಿಮಾನಿಗೆ.

*

ತಲೆಮಾರುಗಳಿಂದ ಬಂದ ನಂಬಿಕೆಯನ್ನು ಸುಲಭಕ್ಕೆ ಕೈಬಿಡಬಾರದು ಎಂಬುದು ಗೈರ್ಡ್ನರನ ಪಟ್ಟು. ಒಪ್ಪೋಣ. ಆದರೆ ಆ ನಂಬಿಕೆಯ ಬುಡದಲ್ಲಿ ರೌಸ್ ಕೂತಿದ್ದಾನಲ್ಲ!

*

2012ರಲ್ಲಿ ಲೆಸ್ಟರ್ ಪಟ್ಟಣದ ಕಾರ್ ಪಾರ್ಕಿಂಗ್ ಜಾಗದ ಅಡಿಯಲ್ಲಿ ದೊರೆಯ ಅಸ್ಥಿ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು; ಮೋರ್ ಬಣ್ಣಿಸಿದ ಸೊರಗಿದ ಕೈಯ ಗುರುತಿರಲಿಲ್ಲ. ಎರಡೂ ಪಕ್ಷದವರು ತಮತಮಗೆ ಬೇಕಾದ ಮೂಳೆಯನ್ನು ಹಿಡಿದುಕೊಂಡರು. ಆ ಕೈ ಯಾರನ್ನು ಕೊಲ್ಲಿಸಲು ಸನ್ನೆ ಮಾಡಿತ್ತೆಂದು ಯಾವ ಮೂಳೆಯೂ ಹೇಳಲಿಲ್ಲ.

*

ಚಿಕ್ಕಪ್ಪನ ಗುಣದ ಮೇಲೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಹನ್ನೆರಡು ವರ್ಷದ ಹುಡುಗನೂ ಅವನ ಪುಟ್ಟ ತಮ್ಮನೂ ಅವುಗಳಲ್ಲಿ ಬರುವುದು ಬರಿಯ ಸಾಕ್ಷ್ಯವಾಗಿ.

*

1674ರಲ್ಲಿ ಟವರಿನ ಮೆಟ್ಟಿಲ ಬುಡದಲ್ಲಿ ಸಿಕ್ಕ, ಆ ಹುಡುಗರವೆನ್ನಲಾದ ಎಳೆಯ ಮೂಳೆಗಳು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿವೆ. 1933ರಲ್ಲಿ ಅವನ್ನು ತೆಗೆದು ಪರೀಕ್ಷಿಸಿದರು. ಜಗಳ ನಿಲ್ಲಲಿಲ್ಲ, ಪರೀಕ್ಷೆ ಸರಿಯೋ ತಪ್ಪೋ ಎಂಬ ಹೊಸದೊಂದು ಶುರುವಾಯಿತು.