ಗೋಡೆಯಿದ್ದರಲ್ಲವೆ ಚಿತ್ರ

ಗೋಡೆಯಿದ್ದರಲ್ಲವೆ ಚಿತ್ರ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಆಧಾರವಿಲ್ಲದೆ ಆಧೇಯವಿಲ್ಲವೆಂದು ತೋರಿಸುವುದಕ್ಕೆ ಪಂಡಿತರು ಇದನ್ನು ಉದಾಹರಿಸುತ್ತಾರೆ. ಊಟ ನಿದ್ದೆಗಳನ್ನು ಮರೆತು ದುಡಿಯುವ ಮಗನಿಗೆ ಮನೆಯ ಹಿರಿಯರು, ಮೊದಲು ಮೈ ನೋಡಿಕೊಳ್ಳಪ್ಪಾ ಎಂಬರ್ಥದಲ್ಲಿ, ಇದನ್ನೇ ಹೇಳುವುದುಂಟು. ನನಗಾದರೋ ಈ ಮಾತು ಕಥೆಗಾರರಿಗೆ, ಅದರಲ್ಲಿಯೂ ಎಲ್ಲಿಯೂ ಇಲ್ಲದ ನಾಡೊಂದನ್ನು ಅದರ ದೇವರು, ನುಡಿ, ಅಡುಗೆ, ಉಡುಗೆಗಳ ಸಮೇತ ಕಲ್ಪಿಸಿ ನಿಲ್ಲಿಸಹೊರಟ ಕಥೆಗಾರರಿಗೆ, ಹೇಳಿಮಾಡಿಸಿದಂತೆ ತೋರುತ್ತದೆ. ಅವರ ಚಿತ್ರ ಎಷ್ಟೇ ನೂತನವಾಗಿರಲಿ, ಅದು ನಿಂತಿರುವ ಗೋಡೆ ಯಾರೋ ಬಾಳಿದ ಬಾಳು.

ಭಿತ್ತಿಚಿತ್ರ ಬರೆಯುವವನು ಬಣ್ಣ ಕಲಸುವುದು ಆಮೇಲೆ. ಮೊದಲು ಗೋಡೆಯನ್ನು ತಟ್ಟಿ ನೋಡುತ್ತಾನೆ, ಹಳೆಯ ಗಾರೆ ಎಲ್ಲಿ ಸಡಿಲವಾಗಿದೆ, ತೇವ ಎಲ್ಲಿಂದ ಏರುತ್ತಿದೆ ಎಂಬುದನ್ನು ಬೆರಳಿನಿಂದ ತಿಳಿದುಕೊಳ್ಳುತ್ತಾನೆ. ಅದಕ್ಕಿಂತಲೂ ಮುಂಚಿನ ಪ್ರಶ್ನೆ, ಗೋಡೆ ಯಾರದು ಎಂಬುದು. ತುಳುನಾಡಿನಲ್ಲಿ ದೈವದ ಗಗ್ಗರವೆಂಬ ಸದ್ದುಮಾಡುವ ಕಾಲ್ಗಡಗವನ್ನು ಕಟ್ಟುವವರು ಎಣ್ಣೆಬೂಳ್ಯ, ಎಂದರೆ ಅಪ್ಪಣೆಯ ಎಣ್ಣೆ ವೀಳ್ಯಗಳನ್ನು, ಪಡೆದು, ವ್ರತನಿಯಮಗಳಲ್ಲಿದ್ದು, ಕೈಮುಗಿದ ಮೇಲೆಯೇ ಕಟ್ಟುತ್ತಾರೆ. ಆ ಸದ್ದಿನ ಸೊಗಸಿಗೆ ಮರುಳಾಗಿ ಅದನ್ನು ತನ್ನ ಕಲ್ಪಿತ ರಾಜ್ಯದ ರಕ್ಕಸನ ಕಾಲಿಗೆ ಬಿಗಿಯುವ ಲೇಖಕನು, ನಂಬಿದವರ ಅಂಗಳದೊಳಕ್ಕೆ ಕೇಳದೆ ಕಾಲಿಟ್ಟವನೇ ಸರಿ.

ಪರರ ಅಂಗಳದ ಬಳಿ ಎಚ್ಚರದಿಂದ ನಡೆದವರೊಬ್ಬರು ಅಮೆರಿಕದ ಕಥೆಗಾರ್ತಿ ಅರ್ಸುಲಾ ಲೆ ಗ್ವಿನ್ನರು. ಅವರು ಹುಟ್ಟಿದ್ದು 1929ರಲ್ಲಿ. ಅವರ ತಂದೆ ಆಲ್ಫ್ರೆಡ್ ಕ್ರೋಬರರು ಕ್ಯಾಲಿಫೋರ್ನಿಯದ ಮೂಲನಿವಾಸಿಗಳನ್ನು ಕುರಿತು ಆಯುಷ್ಯವೆಲ್ಲ ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞರು. 1911ರ ಆಗಸ್ಟಿನಲ್ಲಿ, ಓರೋವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ, ಹಸಿದು ಬಸವಳಿದಿದ್ದ ವ್ಯಕ್ತಿಯೊಬ್ಬರು ಕಾಣಿಸಿಕೊಂಡರು. ಬಿಳಿಯ ವಲಸಿಗರು ನಡೆಸಿದ ಕೊಲೆಗಳಿಗೆ ಈಡಾದ ಯಾಹಿ ಜನರಲ್ಲಿ ಉಳಿದವರು ಅವರೊಬ್ಬರೇ. ಕ್ರೋಬರರು ಅವರನ್ನು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯಕ್ಕೆ ಕರೆಸಿ ಇರಿಸಿಕೊಂಡರು. ಎಷ್ಟು ಕೇಳಿದರೂ ಅವರು ತಮ್ಮ ಹೆಸರನ್ನು ಹೇಳಲಿಲ್ಲ. ತನ್ನ ಹೆಸರನ್ನು ತಾನೇ ಆಡುವುದು ಅವರ ಜನರ ರೂಢಿಯಲ್ಲ, ಆಡಿ ಪರಿಚಯಿಸಬೇಕಾದ ಬಂಧುಗಳಲ್ಲಿ ಒಬ್ಬರೂ ಬದುಕಿರಲಿಲ್ಲ. ಆದುದರಿಂದ ಅವರದೇ ನುಡಿಯಲ್ಲಿ ಮನುಷ್ಯನೆಂದು ಅರ್ಥವಾಗುವ ‘ಇಶಿ’ ಎಂಬ ಪದದಿಂದ ಅವರನ್ನು ಕರೆದರು. 1916ರಲ್ಲಿ ಇಶಿಯವರು ಕ್ಷಯದಿಂದ ತೀರಿಕೊಂಡರು. ನಿಜವಾದ ಹೆಸರು ಅವರೊಡನೆಯೇ ಹೋಯಿತು.

ಈ ಮೌನ ನಮಗೆ ಅಪರಿಚಿತವಲ್ಲ. ನಮ್ಮ ಅಜ್ಜಿಯಂದಿರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಮದುವೆಯ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡನಿಂತು ಒತ್ತಾಯಿಸಿದಾಗ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಒಡಪಿನ ನಡುವೆ ಆ ಹೆಸರನ್ನು ಹುದುಗಿಸಿ, ಒಂದೇ ಉಸಿರಿಗೆ ಹೇಳಿ ಒಳಗೆ ಓಡುತ್ತಿದ್ದರು. ಹೊರಗಿನಿಂದ ಬಂದವನು ಇದನ್ನು ವಿಚಿತ್ರ ಪದ್ಧತಿಯೆಂದಷ್ಟೇ ಗುರುತುಹಾಕಿಕೊಂಡು ಹೋದರೆ, ಅವನ ಕಥೆಯಲ್ಲಿ ಗಂಡನ ಹೆಸರು ಹೇಳದ ಹೆಂಗಸು ಇರುತ್ತಾಳೆ. ಆ ಸೆರಗು, ಆ ನಾಚಿಕೆ, ಆ ಅಕ್ಕರೆ ಇರುವುದಿಲ್ಲ.

ಇಶಿಯವರ ಚರಿತ್ರೆಯನ್ನು ಲೆ ಗ್ವಿನ್ನರ ತಾಯಿ ಥಿಯೊಡೋರಾ ಬರೆದು 1961ರಲ್ಲಿ ಪ್ರಕಟಿಸಿದರು. ಇಷ್ಟೆಲ್ಲ ಸಾಮಗ್ರಿ ಮನೆಯೊಳಗೇ ಇದ್ದ ಮಗಳು, 1985ರ ‘ಆಲ್ವೇಸ್ ಕಮಿಂಗ್ ಹೋಮ್’ ಎಂಬ ಗ್ರಂಥದಲ್ಲಿ ಕಲ್ಪಿತ ಜನಾಂಗವೊಂದನ್ನು ಸೃಷ್ಟಿಸಹೊರಟಾಗ, ಯಾಹಿ ಜನರಿಗೇ ಬೇರೆ ವೇಷ ತೊಡಿಸಿ ತಂದು ನಿಲ್ಲಿಸಲಿಲ್ಲ. ಕಾಲವನ್ನು ಬಹುದೂರದ ಭವಿಷ್ಯಕ್ಕೆ ಒಯ್ದರು. ಜನರಿಗೆ ಕೆಶ್ ಎಂದು ಹೆಸರಿಟ್ಟರು. ಅವರ ನುಡಿ, ಲಿಪಿ, ಅಡುಗೆಗಳನ್ನು ಕಲ್ಪಿಸಿದರು. ಟಾಡ್ ಬಾರ್ಟನ್ನರು ರಾಗ ಕೂಡಿಸಿದ ಹಾಡುಗಳ ಕ್ಯಾಸೆಟ್ಟನ್ನೂ ಪುಸ್ತಕದೊಡನೆ ಕೊಟ್ಟರು. ನೆಲ ಮಾತ್ರ ತಾವು ಬಾಲ್ಯದ ಬೇಸಗೆಗಳನ್ನು ಕಳೆದ ನಾಪಾ ಕಣಿವೆಯದೇ. ಆ ಗುಡ್ಡ ತೊರೆಗಳನ್ನು ಅವರು ಕಾಲಿನಿಂದ ನಡೆದು ಬಲ್ಲವರಾಗಿದ್ದರು. ಆ ಸೀಮೆಯಲ್ಲಿ ಹಿಂದಿನವರಿಗೆ ಓಕ್ ಮರದ ಕಾಯಿಯೇ ಮುಖ್ಯ ಆಹಾರವಾಗಿತ್ತು. ಅದು ವಿಪರೀತ ಒಗರು. ಕುಟ್ಟಿದ ಹಿಟ್ಟಿನ ಮೇಲೆ ಮತ್ತೆ ಮತ್ತೆ ನೀರು ಹೊಯ್ದು ಒಗರನ್ನು ಹರಿಯಬಿಟ್ಟ ಹೊರತು ಬಾಯಿಗಿಡಲಾಗದು. ಪರರ ಬಾಳಿನಿಂದ ಕಾಯಿಯನ್ನು ಮಾತ್ರ ಆರಿಸಿ ತಂದು, ನೀರು ಹೊಯ್ದ ಕೈಗಳನ್ನು ಮರೆತ ಕಥೆಗಳನ್ನು ನಾನು ಬಹಳ ಓದಿದ್ದೇನೆ, ಓದಿ ನೊಂದಿದ್ದೇನೆ.

ಪ್ರೀತಿಯೊಂದೇ ಇಲ್ಲಿ ಸಾಲದು. ಕ್ರೋಬರರಿಗೆ ಇಶಿಯವರಲ್ಲಿ ಸ್ನೇಹವಿತ್ತು. ಮೃತದೇಹವನ್ನು ಕೊಯ್ಯಬಾರದೆಂದು ಅವರು ದೂರದ ನ್ಯೂಯಾರ್ಕಿನಿಂದ ಪತ್ರ ಬರೆದರು, ಅದು ತಲಪುವಷ್ಟರಲ್ಲಿ ಕೊಯ್ದಾಗಿತ್ತು. ಆದರೆ ತೆಗೆದಿರಿಸಿದ್ದ ಮಿದುಳನ್ನು ಆಮೇಲೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿದವರೂ ಅವರೇ. ಅದು ಅಲ್ಲಿಂದ ಹೊರಬಂದದ್ದು 2000ದಲ್ಲಿ, ರೆಡ್ಡಿಂಗ್ ರಾಂಚೆರಿಯ ಮತ್ತು ಪಿಟ್ ರಿವರ್ ಮೂಲನಿವಾಸಿಗಳ ಕೈಗೆ. ಇಶಿಯವರ ಜನರಿಗೆ ಹತ್ತಿರದ ಸಂತತಿ ಅವರದೆಂದು ಗೊತ್ತಾಗಿತ್ತು. ಅವರು ಚಿತಾಭಸ್ಮವನ್ನೂ ಅದರೊಡನೆ ಕೂಡಿಸಿ, ಇಶಿಯವರ ನಾಡಿನಲ್ಲಿಯೇ ಮಣ್ಣುಮಾಡಿದರು. ಎಲ್ಲಿ ಎಂಬುದನ್ನು ಹೊರಗಿನವರಿಗೆ ಹೇಳಲಿಲ್ಲ.