ಕಾಲುವೆಗಿಳಿದ ತುಂಗಭದ್ರೆ

ಹಂಪಿಗೆ ಬಂದವರಲ್ಲಿ ಹೆಚ್ಚಿನವರು ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಕಮಲ ಮಹಲು ನೋಡಿ ಸಂಜೆಗೆ ಹೊಸಪೇಟೆ ಸೇರುತ್ತಾರೆ. ಊರಿನ ಒಳಹೊರಗು ಬಲ್ಲ ಗೈಡ್ ಸಿಕ್ಕರೆ ಮಾತ್ರ ದಾರಿ ಬೇರೆಯಾಗುತ್ತದೆ. ಕೃಷ್ಣ ದೇವಾಲಯದ ಆಸುಪಾಸಿನಲ್ಲಿ ಡಾಂಬರು ರಸ್ತೆ ಬಿಟ್ಟು ಆತ ಜನರನ್ನು ಬಾಳೆತೋಟದ ಬದುವಿಗೆ ಇಳಿಸುತ್ತಾನೆ. ಅಲ್ಲಿ ಬಸ್ಸಿನ ಸದ್ದಿಲ್ಲ, ಫೋಟೋ ತೆಗೆಸಿಕೊಳ್ಳುವವರ ಗುಂಪಿಲ್ಲ. ನೀರು ಮಾತ್ರ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ದೇವಾಲಯಗಳ ಸಾಲಿಗೂ ಅರಮನೆಯ ಪ್ರದೇಶಕ್ಕೂ ನಡುವಿನ ಈ ತಗ್ಗಿನಲ್ಲಿ ತುರ್ತಾ ಕಾಲುವೆ ವಿಜಯನಗರದ ಕಾಲದಿಂದ ಭತ್ತ, ಕಬ್ಬು, ಬಾಳೆಗೆ ನೀರುಣಿಸುತ್ತಿದೆ.

1565ರ ಯುದ್ಧದ ನಂತರ ಈ ನಗರದಲ್ಲಿ ಅರಮನೆ ಬಿತ್ತು, ಪೇಟೆ ಬಿತ್ತು. ನಿಲ್ಲದೆ ಉಳಿದದ್ದು ಮುಖ್ಯವಾಗಿ ಎರಡು: ವಿರೂಪಾಕ್ಷನ ಪೂಜೆ ಮತ್ತು ಕಾಲುವೆಯ ನೀರು. ಇವೆರಡೂ ಒಂದನ್ನೊಂದು ಮುಟ್ಟಿಕೊಂಡೇ ಇವೆ. ವಿರೂಪಾಕ್ಷ ದೇವಾಲಯದೊಳಗೆ ತುಂಗಭದ್ರೆಯ ಒಂದು ಕಿರುಗಾಲುವೆ ಹರಿದು, ಅಡುಗೆಮನೆಯ ಹತ್ತಿರ ಹಾದು, ಹೊರ ಪ್ರಾಕಾರದ ಮೂಲಕ ಆಚೆ ಹೋಗುತ್ತದೆ. 1528ರಲ್ಲಿ ಪ್ರತಿಷ್ಠಾಪನೆಯಾದ ಉಗ್ರನರಸಿಂಹನ ಪಕ್ಕದಲ್ಲಿರುವ ಬಡವಿಲಿಂಗದ ಬುಡ ಸದಾ ಕಾಲುವೆಯ ನೀರಿನಲ್ಲೇ ಇರುತ್ತದೆ. ಹಲವು ವರ್ಷ ವಯೋವೃದ್ಧ ಅರ್ಚಕರೊಬ್ಬರು ದಿನವೂ ಆ ನೀರಿಗಿಳಿದು, ಪೀಠ ಹತ್ತಿ, ಆಳೆತ್ತರ ಮೀರಿದ ಲಿಂಗಕ್ಕೆ ವಿಭೂತಿ ಹಚ್ಚಿ ಹೂವಿಟ್ಟು ಬರುತ್ತಿದ್ದರು. ಅವರ ಮೊಣಕಾಲು ತೋಯಿಸುತ್ತಿದ್ದ ನೀರು ಹೊಲದ್ದೋ, ಗುಡಿಯದ್ದೋ?

ಈ ಪ್ರಶ್ನೆ ಹಂಪಿಯಲ್ಲಿ ಯಾರನ್ನೂ ಅಷ್ಟಾಗಿ ಕಾಡುವುದಿಲ್ಲ. ನದಿಯ ಗುಂಟ ಕೆಳಗೆ ಹೋದಂತೆ ಅದು ಗಟ್ಟಿಯಾಗುತ್ತದೆ.

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವವರು ತುಂಗಭದ್ರೆಯ ಸೇತುವೆ ದಾಟಿದರೆ ಸಿಗುವ ಊರು ಮಾಧವರಂ. ಅಲ್ಲಿಂದ ಮುಂದೆ ಮಂತ್ರಾಲಯ. ಮಂಚಾಲೆ ಎಂದು ಹೆಸರಾಗಿದ್ದ ಆ ಹಳ್ಳಿಯಲ್ಲಿ 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದರು. ಭಕ್ತರು ಮೊದಲು ನದಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಊರದೇವತೆ ಮಂಚಾಲಮ್ಮನಿಗೆ ಕೈಮುಗಿದು, ಆಮೇಲೆ ರಾಯರ ದರ್ಶನಕ್ಕೆ ಸಾಲು ನಿಲ್ಲುತ್ತಾರೆ. ಅದೇ ತುಂಗಭದ್ರೆ ಇದೇ ಸೀಮೆಗೆ ಇನ್ನೊಂದು ದಾರಿಯಿಂದಲೂ ಬರುತ್ತಾಳೆ. ಹೊಸಪೇಟೆಯ ಅಣೆಕಟ್ಟಿನ ಬಲದಂಡೆಯಿಂದ ಹೊರಟ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆ ದಾಟಿ ಆದೋನಿ, ಎಮ್ಮಿಗನೂರಿನ ಕಡೆ ಸಾಗುತ್ತದೆ. ಜನ ಅದನ್ನು ‘ಎಲ್‌ಎಲ್‌ಸಿ’ ಎನ್ನುತ್ತಾರೆ. ಒಂದೇ ತಾಯಿಯ ನೀರು. ಒಂದು ಕಡೆ ಅದನ್ನು ತಂಬಿಗೆಯಲ್ಲಿ ತುಂಬಿ ಊರಿಗೆ ಒಯ್ಯುತ್ತಾರೆ. ಇನ್ನೊಂದು ಕಡೆ ಎಮ್ಮೆ ತೊಳೆಯುತ್ತಾರೆ. ಅಣೆಕಟ್ಟಿನ ಗೇಟು ದಾಟುವ ಹೊತ್ತಿಗೆ ನೀರು ಏನನ್ನು ಕಳೆದುಕೊಂಡಿತು?

ಸಂಪ್ರದಾಯದ ಒಳಗೇ ಇದಕ್ಕೆ ಉತ್ತರವಿದೆ, ಅದೂ ಮಂತ್ರಾಲಯದ ಮಠದವರೇ ಪಾಠ ಹೇಳುವ ಸಿದ್ಧಾಂತದಲ್ಲಿ. ಮಾಧ್ವರ ಪ್ರಕಾರ ನೀರು ಜಡ. ಅದಕ್ಕೊಬ್ಬ ಅಭಿಮಾನಿ ದೇವತೆ, ಆ ದೇವತೆಯೊಳಗೆ ಹರಿಯ ಸನ್ನಿಧಾನ. ಪಾವಿತ್ರ್ಯ ಆ ಸನ್ನಿಧಾನದ್ದು; ನೀರು ಅದಕ್ಕೆ ಅಧಿಷ್ಠಾನ. ಮನೆಮನೆಯಲ್ಲೂ ಪೂಜೆಗೆ ಕೂತವರು ಕಲಶಕ್ಕೆ ಬೋರ್‌ವೆಲ್ ನೀರನ್ನೇ ತುಂಬಿ ಗಂಗೆ, ಯಮುನೆಯರಿಂದ ಕಾವೇರಿಯವರೆಗೆ ಏಳು ನದಿಗಳನ್ನು ಕರೆಯುತ್ತಾರೆ. ಕರೆದರೆ ನದಿದೇವತೆ ಬರುತ್ತಾಳೆ ಎಂಬ ನಂಬಿಕೆ ಗಟ್ಟಿಯಾಗಿದ್ದರೆ, ತನ್ನದೇ ಮೈಯ ಕಾಲುವೆಗೆ ತುಂಗಭದ್ರೆ ಬಾರದಿರಲು ಕಾರಣವಿಲ್ಲ. ಆಲೂರು ಸೀಮೆಯ ಚಿಪ್ಪಗಿರಿಯಲ್ಲಿ ನೆಲೆಸಿದ್ದ ವಿಜಯದಾಸರ ಪರಂಪರೆಯವರಾಗಲಿ, ಅವರಿಗಿಂತ ಹಿಂದಿನ ಶರಣರಾಗಲಿ, ಮನಸ್ಸಿಲ್ಲದ ಮುಳುಗಿಗೆ ಬೆಲೆ ಕೊಡಲಿಲ್ಲ.

ಈ ಮಾತು ಪರೀಕ್ಷೆಗೊಳಗಾದ ಸಂದರ್ಭವೂ ಉಂಟು. ಗುರು ಮಕರ ರಾಶಿಗೆ ಬಂದಾಗ, ಹನ್ನೆರಡು ವರ್ಷಕ್ಕೊಮ್ಮೆ, ತುಂಗಭದ್ರೆಗೆ ಪುಷ್ಕರ. 2020ರ ನವೆಂಬರ್ 20ರಿಂದ ಡಿಸೆಂಬರ್ 1ರವರೆಗೆ ನಡೆದ ಪುಷ್ಕರಕ್ಕೆ ಕೋವಿಡ್ ಅಡ್ಡ ಬಂತು. ನದಿಗಿಳಿದು ಮುಳುಗುವುದನ್ನು ಆಂಧ್ರ ಸರ್ಕಾರ ನಿಷೇಧಿಸಿತು. ತಲೆಗೆ ನೀರು ಚಿಮುಕಿಸಿಕೊಂಡರೆ ಸಾಕು ಎಂದು ಹಿರಿಯರು ಸಮಾಧಾನ ಹೇಳಿದರು, ಜನ ಒಪ್ಪಿದರು. ನಾಲ್ಕು ಹನಿ ನೀರಿಗೆ ಪುಷ್ಕರದ ಫಲವಿದೆ ಎಂದ ಮೇಲೆ, ಹೊಲದ ಅಂಚಿನಲ್ಲಿ ಹರಿಯುವ ಅದೇ ನದಿಯ ನೀರನ್ನು ಬರಿ ‘ಇರಿಗೇಷನ್’ ಎಂದು ತಳ್ಳಿಹಾಕುವುದು ಸರಿಹೋಗದು.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ನದಿಯನ್ನು ಮನುಷ್ಯ ಮಾಡಲಿಲ್ಲ. ಕಾಲುವೆಯನ್ನು ತೋಡಿದವನು ಮನುಷ್ಯ. ಅದಕ್ಕೆ ಗೇಟಿದೆ, ಬೀಗವಿದೆ, ಪಾಲಿನ ಲೆಕ್ಕವಿದೆ. ಬೀಗ ಹಾಕಿದ ನೀರು ಪುಣ್ಯವಾಗುವುದು ಹೇಗೆ?

ಧರ್ಮಶಾಸ್ತ್ರಕಾರರು ಈ ತೊಡಕನ್ನು ಕಂಡಿದ್ದರು. ಯಜ್ಞಯಾಗಗಳ ಪುಣ್ಯ ‘ಇಷ್ಟ’. ಕೆರೆ, ಬಾವಿ, ತೋಪು, ಅನ್ನಛತ್ರಗಳದ್ದು ‘ಪೂರ್ತ’. ಇಷ್ಟಕ್ಕೆ ದ್ವಿಜನಾಗಿರಬೇಕು, ಪೂರ್ತದ ಬಾಗಿಲು ಶೂದ್ರರಿಗೂ ತೆರೆದಿತ್ತು. ಕೆರೆ ಕಟ್ಟಿದಾತ ಕೊನೆಯಲ್ಲಿ ‘ಜಲಾಶಯೋತ್ಸರ್ಗ’ ಎಂಬ ವಿಧಿ ನಡೆಸಬೇಕಿತ್ತು. ಆ ದಿನ ಅವನು ನೀರನ್ನು ಸಕಲ ಪ್ರಾಣಿಗಳಿಗೆ ಬಿಟ್ಟುಕೊಡುತ್ತಾನೆ. ಅಲ್ಲಿಂದ ಮುಂದೆ ಅದು ಅವನದಲ್ಲ. ಅವನೂ ಊರವರ ಹಾಗೆ ಅಲ್ಲಿ ನೀರು ತೆಗೆದುಕೊಳ್ಳುವವನು. ಮನುಷ್ಯ ಕಟ್ಟಿದ ನೀರು ಪವಿತ್ರವಾಗುವ ಗಳಿಗೆ ಇದು: ಒಡೆತನ ಬಿಡುವ ಗಳಿಗೆ. ನದಿಯ ಪಾವಿತ್ರ್ಯ ನಮಗೆ ಬಿಟ್ಟಿ ದೊರೆತದ್ದು. ಕಾಲುವೆಯದ್ದನ್ನು ದಿನವೂ ಬಿಟ್ಟುಕೊಟ್ಟೇ ಗಳಿಸಬೇಕು.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ನೂರು ಬಂಡಿ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಶಾಸನ ಎಣಿಸುತ್ತದೆ. ಕೆರೆಯನ್ನು ಮಗ, ಕಾವ್ಯ, ದೇಗುಲಗಳ ಜೊತೆ ಸಪ್ತಸಂತಾನದಲ್ಲಿ ಸೇರಿಸುತ್ತದೆ. ಮಣ್ಣು ಯಾವುದಿರಬೇಕು, ಏರಿ ಎಷ್ಟು ಗಟ್ಟಿಯಿರಬೇಕು ಎಂಬ ಶಿಲ್ಪಿಯ ಮಾತೂ ಪುಣ್ಯದ ಮಾತೂ ಅದೇ ಕಲ್ಲಿನಲ್ಲಿ ಒಟ್ಟಿಗಿವೆ.

ಇದೇ ಶ್ರದ್ಧೆ ದಾರಿ ತಪ್ಪಿದ್ದೂ ಉಂಟು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕಥೆ ಬರೆದಿದ್ದಾನೆ. ಕೆರೆ ಎರಡು ಮೂರು ಸಲ ಒಡೆದಾಗ ದೇವತೆ ಬಲಿ ಕೇಳುತ್ತಿದೆ ಎಂದು ಪುರೋಹಿತರು ಹೇಳಿದರಂತೆ. ಅರವತ್ತು ಮಂದಿಯ ತಲೆ ಕಡಿಸಿ, ಕುದುರೆ, ಕೋಣಗಳನ್ನೂ ಬಲಿ ಕೊಟ್ಟರಂತೆ. ನೀರನ್ನು ಪವಿತ್ರ ಎನ್ನುವ ಬಾಯಿ ಯಾರ ಜೀವವನ್ನು ಅಗ್ಗ ಮಾಡುತ್ತಿದೆ ಎಂದು ಪ್ರತಿ ಕಾಲದಲ್ಲೂ ಕೇಳಬೇಕಾಗುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ ಕೆರೆಯಲ್ಲಿ ಬೊಗಸೆ ನೀರು ಕುಡಿದಾಗ, ಸವರ್ಣೀಯರು ಆ ಕೆರೆಗೆ ಪಂಚಗವ್ಯ ಸುರಿದು ‘ಶುದ್ಧಿ’ ಮಾಡಿದರು. ಉತ್ಸರ್ಗದ ಮಂತ್ರ ಸಕಲ ಪ್ರಾಣಿಗಳಿಗೆ ಎನ್ನುತ್ತದೆ. ಮಹಾಡದಲ್ಲಿ ದನಗಳಿಗೆ ದಕ್ಕಿದ ನೀರು ದಲಿತರಿಗೆ ದಕ್ಕಿರಲಿಲ್ಲ.

ಮಂತ್ರವೂ ಬೇಡ, ಬರಿ ಲಾಭ ಸಾಕು ಎಂದವರೂ ಬಂದು ಹೋದರು. 1860ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಕಂಪನಿ ತುಂಗಭದ್ರೆಯ ದಡದ ಸುಂಕೇಸುಲದಿಂದ ಕರ್ನೂಲು–ಕಡಪ ಕಾಲುವೆ ತೋಡಿತು. ಅದು ಇಂದಿಗೂ ಕರ್ನೂಲು ನಗರದ ಮಧ್ಯೆ ಹರಿಯುತ್ತದೆ. ಬಂಡವಾಳಕ್ಕೆ ಶೇ 5ರ ಬಡ್ಡಿಯ ಖಾತರಿ ಸರ್ಕಾರದ್ದು. ದುಡ್ಡು ಕೊಟ್ಟು ನೀರು ಕೊಳ್ಳುವ ರೈತರು ಎಣಿಸಿದಷ್ಟು ಬರಲಿಲ್ಲ. 1876–78ರ ಕ್ಷಾಮ ಬಳ್ಳಾರಿ, ಕರ್ನೂಲು ಸೀಮೆಯನ್ನು ಬರಿದು ಮಾಡಿತು. 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. 2020ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಆಯೋಗ ಅದನ್ನು ಪಾರಂಪರಿಕ ನೀರಾವರಿ ನಿರ್ಮಾಣವೆಂದು ಗುರುತಿಸಿತು.

ಭಕ್ತಿಯನ್ನೂ ಹಂಚಿಕೆಯನ್ನೂ ಒಂದೇ ಸೂರಿನಡಿ ತಂದ ಊರುಗಳು ಬಾಲಿ ದ್ವೀಪದಲ್ಲಿವೆ. ಅಲ್ಲಿ ಭತ್ತದ ಗದ್ದೆಯ ಕಾಲುವೆಗಳನ್ನು ‘ಸುಬಕ್’ ಎಂಬ ರೈತರ ಕೂಟಗಳು ನೋಡಿಕೊಳ್ಳುತ್ತವೆ. ಯಾವ ಊರು ಯಾವಾಗ ನಾಟಿ ಮಾಡಬೇಕು ಎಂಬುದನ್ನು ನೀರಿನ ದೇವಾಲಯಗಳ ಸಭೆಯಲ್ಲಿ ತೀರ್ಮಾನಿಸುತ್ತಾರೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಯೋಜಕರು ಇದನ್ನು ಬದಿಗಿಟ್ಟು, ಸಾಧ್ಯವಾದಷ್ಟು ಬೆಳೆ ತೆಗೆಯಿರಿ ಎಂದರು. ಸರದಿ ಕೆಟ್ಟಿತು, ಕೀಟ ಹೆಚ್ಚಿತು, ನೀರಿಗೆ ಜಗಳವಾಯಿತು. ದೇವಾಲಯಗಳ ವೇಳಾಪಟ್ಟಿಯಲ್ಲಿ ಲೆಕ್ಕಾಚಾರವಿತ್ತು ಎಂದು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. ಯುನೆಸ್ಕೊ 2012ರಲ್ಲಿ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದೋನಿಯಲ್ಲೂ ಇಂಥ ಒಂದು ಎಳೆ ಇದೆ. ಬಿಜಾಪುರದ ಪರವಾಗಿ ಆದೋನಿ ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ಮಂಚಾಲೆಯನ್ನು ರಾಯರಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. ಅವನೇ ಕಟ್ಟಿಸಿದ ಜಾಮಿಯಾ ಮಸೀದಿ ಊರಿನ ನಡುವೆ ಇಂದಿಗೂ ನಿಂತಿದೆ. ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆದು ವುಜೂ ಮಾಡುವವರಿಗೆ, ಹರಿಯುವ ನದಿಯ ದಡದಲ್ಲಿದ್ದರೂ ನೀರು ದುಂದು ಮಾಡಬಾರದೆಂಬ ಪ್ರವಾದಿಯ ಬುದ್ಧಿಮಾತು ಗೊತ್ತು. ಕಡಿಮೆ ಬಳಸುವುದೇ ಆರಾಧನೆಯ ಭಾಗ ಎನ್ನುವ ಈ ಶಿಸ್ತು, ಒಡೆತನ ಬಿಡು ಎನ್ನುವ ಉತ್ಸರ್ಗಕ್ಕೆ ತೀರ ಹತ್ತಿರದ್ದು.

1953 ಈ ಸೀಮೆಗೆ ದೊಡ್ಡ ವರ್ಷ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಲು ಶುರುವಾದ ವರ್ಷವೇ, ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ನೆಲಕ್ಕೆ ಗೆರೆ ಬಿತ್ತು, ನೀರಿಗೆ ಮಂಡಳಿ ಬಂತು. ಎಲ್‌ಎಲ್‌ಸಿಯಲ್ಲಿ ಆಂಧ್ರದ ಪಾಲು 24 ಟಿಎಂಸಿ ಅಡಿ. ಅದು ಪೂರ್ತಿ ಬರುವುದಿಲ್ಲ ಎಂಬುದು ಕಾಲುವೆಯ ಕೊನೆ ಭಾಗದ ರೈತರ ಹಳೆಯ ದೂರು. ಜಲಾಶಯದ ಒಡಲೂ ಹೂಳಿನಿಂದ ತುಂಬುತ್ತಿದೆ: ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ.

ಹೀಗಿದ್ದೂ ಜಲಾಶಯ ತುಂಬಿದಾಗ ಮುಖ್ಯಮಂತ್ರಿ ಬಂದು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ಧಾನ್ಯವಿಟ್ಟು ಬಾಗಿನ ಬಿಡುತ್ತಾರೆ. ಕಲ್ಲುಗಾರೆಯ ಕಟ್ಟೆಯ ಹಿಂದಿನ ನೀರೂ ತವರಿಗೆ ಬಂದ ಮಗಳೇ ಎಂದು ನಾಡು ಒಪ್ಪಿಯಾಗಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿವ ನೀರಿನ ಮೇಲೆಯೇ ತಂತ್ರಜ್ಞರೂ ಕಾರ್ಮಿಕರೂ ಒಂದು ವಾರದೊಳಗೆ ತಡೆಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಜಲಾಶಯ ಮತ್ತೆ ತುಂಬಿ ಬಾಗಿನ ಅರ್ಪಿಸಿದಾಗ ಅವರನ್ನೂ ಸನ್ಮಾನಿಸಲಾಯಿತು. ದೇವಿಗೆ ಸಲ್ಲುವ ಗೌರವದಲ್ಲಿ ಗೇಟು ಕೂರಿಸಿದವರಿಗೂ ಪಾಲು ಸಿಕ್ಕ ಆ ದಿನ ಪೂರ್ತಧರ್ಮಕ್ಕೆ ಹೊಸ ಕಾಲದಲ್ಲಿ ದೊರೆತ ಒಳ್ಳೆಯ ಉದಾಹರಣೆ.

ಇದೇ ಗೌರವ ಕಾಲುವೆಯ ಗುಂಟ ಕೆಳಗಿಳಿಯಬೇಕು. ಹಿಂದೆ ಊರೂರಿಗೆ ನೀರಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೂಬಿನ ಹತ್ತಿರ ನಿಂತು ನೋಡಿಕೊಳ್ಳುತ್ತಿದ್ದ. ಈಗ ಮೇಲಿನ ಹೊಲದವನು ರಾತ್ರಿ ಪಂಪು ಇಟ್ಟು ಎತ್ತಿದ ನೀರು ಕೆಳಗಿನ ಹಳ್ಳಿಯ ಕುಡಿಯುವ ನೀರಿನ ಕೆರೆಯಿಂದ ಕಿತ್ತುಕೊಂಡದ್ದು. ಅದನ್ನು ಕಳ್ಳತನ ಎನ್ನುವ ಕಾನೂನಿದೆ, ಪಾಪ ಎನ್ನುವ ಪ್ರವಚನ ಅಪರೂಪ. ಮಂತ್ರಾಲಯದ ಪ್ರವಚನ ಮಂಟಪದಲ್ಲಿ, ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಗೆ ಸೇರುವ ಜನರ ಮುಂದೆ, ಆದೋನಿಯ ಶುಕ್ರವಾರದ ಖುತ್ಬಾದಲ್ಲಿ ಈ ಮಾತು ಬರಬೇಕು. ಕೇಳುವವರಲ್ಲಿ ಕಾಲುವೆಯ ತಲೆಯ ಕಡೆಯವರೂ ಇರುತ್ತಾರೆ, ಕೊನೆಯ ಕಡೆಯವರೂ ಇರುತ್ತಾರೆ. ಎರಡು ರಾಜ್ಯಗಳ ರೈತರು ಒಟ್ಟಿಗೆ ಕೂರುವ ಇಂಥ ಜಾಗಗಳು ಗಡಿಯ ಈ ಸೀಮೆಯಲ್ಲಿ ಹೆಚ್ಚಿಲ್ಲ.